ಅಕ್ಷರದ ಸುತ್ತ ಕೊಳೆ, ಲೋಗೋ ಹಿಂದೆ ಬಿಳಿ ಡಬ್ಬ: ಎಕ್ಸ್‌ಪೋರ್ಟ್ ಮಾಡಿದ ಇಮೇಜ್ ಎಲ್ಲಿ ಕೆಡ್ತು ಅಂತ ಹಿಡಿಯೋದು

ಎರಡು ವರ್ಷದ ಹಿಂದೆ ಅಕ್ಟೋಬರ್ ಕೊನೇ ವಾರ, ನಮ್ಮ ಬೀದಿ ಹುಡುಗರ ಸಂಘದೋರು ರಾಜ್ಯೋತ್ಸವಕ್ಕೆ 10 ಬೈ 8 ಅಡಿ ಫ್ಲೆಕ್ಸ್ ಒಂದು ಡಿಸೈನ್ ಮಾಡ್ಕೊಡಿ ಅಂತ ಬಂದ್ರು. ಹಳದಿ ಮೇಲೆ ಕೆಂಪು ಅಕ್ಷರ, ಮೇಲ್ಗಡೆ ಭುವನೇಶ್ವರಿ, ಕೆಳಗಡೆ ಸಂಘದೋರ ಹದಿನೆಂಟು ಮುಖ, ಮಾಮೂಲಿ ಐಟಂ. ರಾತ್ರಿ ಕೂತು ಮುಗ್ಸಿ, ಫೈಲ್ ಚಿಕ್ಕದಿದ್ರೆ ಕಳ್ಸೋಕೆ ಸುಲಭ ಅಂದ್ಕೊಂಡು 2160 ಬೈ 1728 ಪಿಕ್ಸೆಲ್‌ಗೆ ಇಳ್ಸಿ, ಫೋಟೋಶಾಪ್‌ನಲ್ಲಿ ಜೆಪೆಗ್ ಕ್ವಾಲಿಟಿ 12ಕ್ಕೆ 5 ಇಟ್ಟು ಸೇವ್ ಮಾಡಿ, ಪ್ರಿಂಟಿಂಗ್ ಅಂಗಡಿಗೆ ಮೇಲ್ ಹಾಕಿ ಮಲ್ಕೊಂಡೆ. ಲ್ಯಾಪ್‌ಟಾಪ್‌ನಲ್ಲಿ ನೋಡಿದ್ರೆ ಫಳಫಳ ಅಂತಿತ್ತು. ಮಾರನೇ ದಿನ ಕಂಬಕ್ಕೆ ಕಟ್ಟಿದ್ಮೇಲೆ ಹತ್ರ ಹೋಗಿ ನೋಡ್ತೀನಿ, ರಾಜ್ಯೋತ್ಸವದ ಯ ಒತ್ತಿನ ಬಾಲ, ಸ ಒತ್ತಿನ ಕೊಂಡಿ, ಎಲ್ಲದ್ರ ಸುತ್ತಾನೂ ಕಂದು-ಕಿತ್ತಳೆ ಕೊಳೆ, ಯಾರೋ ಒದ್ದೆ ಬಟ್ಟೇಲಿ ಉಜ್ಜಿದಾರೇನೋ ಅನ್ನೋ ಥರ.

ಸೀದಾ ಅಂಗಡಿಗೆ ಹೋಗಿ ಜಗಳ ತೆಗ್ದೆ, ಮಷೀನ್ ಹೆಡ್ ಕ್ಲೀನ್ ಮಾಡಿಲ್ವಾ ನೀವು ಅಂತ. ಆಪರೇಟರ್ ಹುಡುಗ ಪಾಪ ಒಂದು ಮಾತೂ ಎದುರಾಡ್ದೆ ನನ್ನ ಫೈಲನ್ನೇ ಓಪನ್ ಮಾಡಿ 400 ಪರ್ಸೆಂಟ್ ಜೂಮ್ ಮಾಡಿ, "ಅಣ್ಣಾ, ಮಷೀನ್ ನೀವ್ ಕೊಟ್ಟಿದ್ದನ್ನೇ ಹೊಡ್ದಿದೆ, ನೋಡಿ" ಅಂದ. ಅಲ್ಲೇ ಇತ್ತು ಕೊಳೆ. 80 ಸ್ಕ್ವೇರ್ ಫೀಟ್ ರೀಪ್ರಿಂಟ್ ದುಡ್ಡು ನನ್ ಜೇಬಿಂದ ಹೋಯ್ತು. ಆ ಮೊದಲನೇ ಫ್ಲೆಕ್ಸ್ ಈಗ ನಮ್ಮನೆ ಹಿತ್ತಲಲ್ಲಿ ಸೌದೆ ಮೇಲೆ ಹೊದ್ದು ಮಲ್ಗಿದೆ.

ಅವತ್ತಿಂದ ಯಾರಾದ್ರೂ "ಫೋಟೋ ಬ್ಲರ್ ಬಂದಿದೆ, ಯಾವ ಫಾರ್ಮ್ಯಾಟಲ್ಲಿ ಕಳಿಸ್ಲಿ" ಅಂತ ಕೇಳಿದ್ರೆ ನಾನು ಫಾರ್ಮ್ಯಾಟ್ ಹೆಸರು ಹೇಳೋಕ್ ಮುಂಚೆ ಎಲ್ಲಿ ಕೆಡ್ತು ಅಂತ ಹುಡುಕ್ತೀನಿ. ಯಾಕಂದ್ರೆ ಸುಮಾರು ಜನ ಮಾಡೋದೇನು, ಕೆಟ್ಟಿರೋ ಜೆಪೆಗ್ಗನ್ನ ಪಿಎನ್‌ಜಿ ಅನ್ನೋ ಇನ್ನೊಂದು ಇಮೇಜ್ ಫಾರ್ಮ್ಯಾಟಿಗೆ ಕನ್ವರ್ಟ್ ಮಾಡಿ ಈಗ ಸರಿ ಹೋಯ್ತು ಅಂತ ಕೂತ್ಕೋತಾರೆ. ಒಡೆದ ಹಾಲನ್ನ ಬೆಳ್ಳಿ ಲೋಟಕ್ಕೆ ಬಗ್ಗಿಸಿದ್ರೆ ಅದು ಒಡೆದ ಹಾಲೇ ಗುರೂ, ಲೋಟ ಮಾತ್ರ ಭಾರ.

ಮೊದ್ಲು ಮೂರು ಫೈಲ್ ಪಕ್ಕಪಕ್ಕ ಇಟ್ಕೊಳ್ಳಿ

ಒಂದು, ನೀವು ಕೆಲ್ಸ ಮಾಡಿದ ಮೂಲ ಫೈಲ್, ಫೋಟೋಶಾಪ್‌ನ ಪಿಎಸ್‌ಡಿನೋ, ಕೋರಲ್, ಗಿಂಪ್ ಥರ ಡಿಸೈನ್ ಸಾಫ್ಟ್‌ವೇರ್‌ನ ಫೈಲೋ ಏನಾದ್ರೂ ಆಗ್ಲಿ. ಎರಡು, ಎಕ್ಸ್‌ಪೋರ್ಟ್ ಆಗಿ ನಿಮ್ಮ ಡಿಸ್ಕ್‌ನಲ್ಲಿ ಕೂತಿರೋ ಫೈಲ್. ಮೂರು, ಆ ಕಡೆಯೋರ ಕೈಗೆ ಸಿಕ್ಕಿರೋ ಫೈಲ್, ಇದನ್ನ ಅವರಿಂದ ವಾಪಸ್ ತರಿಸ್ಕೊಬೇಕು, ಸ್ಕ್ರೀನ್‌ಶಾಟ್ ಅಲ್ಲ, ಫೈಲೇ. ಮೂರನ್ನೂ ಒಂದೇ ಸೈಜಿಗೆ ಜೂಮ್ ಮಾಡಿ ಒಂದೇ ಅಕ್ಷರದ ಅಂಚು ನೋಡಿ.

ಡಿಸ್ಕ್‌ನಲ್ಲಿರೋ ಫೈಲೇ ಕೆಟ್ಟಿದ್ರೆ ತಪ್ಪು ಎಕ್ಸ್‌ಪೋರ್ಟ್‌ದು, ಅಂದ್ರೆ ನಿಮ್ದು. ಡಿಸ್ಕ್‌ನಲ್ಲಿ ಚೆನ್ನಾಗಿದ್ದು ಅವರ ಹತ್ರ ಕೆಟ್ಟಿದ್ರೆ ದಾರೀಲಿ ಕೆಟ್ಟಿದೆ. ಎರಡೂ ಕಡೆ ಚೆನ್ನಾಗಿದ್ದು ಪ್ರಿಂಟ್‌ನಲ್ಲೋ ಟಿವಿಯಲ್ಲೋ ಮಾತ್ರ ಬೇರೆ ಥರ ಕಾಣ್ತಿದ್ರೆ ಅದು ಬಣ್ಣದ ಮೋಡ್ ಸಮಸ್ಯೆನೋ ಅಥವಾ ಆ ಸಾಧನಕ್ಕೆ ಓದೋಕ್ ಬರದ ಫಾರ್ಮ್ಯಾಟೋ ಆಗಿರುತ್ತೆ.

ದಾರೀಲಿ ಕೆಡೋದನ್ನ ಕಂಡುಹಿಡಿಯೋದು ಬಹಳ ಸುಲಭ, ಕಣ್ಣೇ ಬೇಡ, ಪ್ರಾಪರ್ಟೀಸ್‌ನಲ್ಲಿ ಪಿಕ್ಸೆಲ್ ಲೆಕ್ಕ ನೋಡಿದ್ರೆ ಸಾಕು. ನೀವು ಕಳ್ಸಿದ್ದು 4032 ಬೈ 3024, ಅವರ ಹತ್ರ ಇರೋದು 1600 ಬೈ 1200, ಅಂದ್ರೆ ಮಧ್ಯದಲ್ಲಿ ಮೆಸೇಜ್ ಆಪ್ ಅದನ್ನ ಕುಗ್ಗಿಸಿ ಇನ್ನೊಂದು ಸಲ ಜೆಪೆಗ್ ಮಾಡಿದೆ. ಇದಕ್ಕೆ ಫಾರ್ಮ್ಯಾಟ್ ಬದಲಾಯಿಸಿ ಉಪಯೋಗ ಇಲ್ಲ, ಪಿಎನ್‌ಜಿ ಹಾಕಿದ್ರೂ ಫೋಟೋ ಅಂತ ಕಳ್ಸಿದ್ರೆ ಅದು ಜೆಪೆಗ್ಗಾಗೇ ಹೋಗುತ್ತೆ. ವಾಟ್ಸಾಪ್‌ನಲ್ಲಿ ಅಟ್ಯಾಚ್ ಒತ್ತಿ ಗ್ಯಾಲರಿ ಬದಲು ಡಾಕ್ಯುಮೆಂಟ್ ಆರಿಸ್ಕೊಂಡು ಕಳ್ಸಿ, ಫೈಲ್ ಇದ್ದಂಗೇ ತಲುಪುತ್ತೆ. ಒಂದು ಗ್ರೂಪಿಂದ ಉಳಿಸ್ಕೊಂಡು ಕ್ರಾಪ್ ಮಾಡಿ ಇನ್ನೊಂದಕ್ಕೆ ಹಾಕಿ, ಅಲ್ಲಿಂದ ಮತ್ಯಾರೋ ಎಡಿಟ್ ಮಾಡಿ ಕಳ್ಸಿ, ಪ್ರತಿ ಸಲ ಜೆಪೆಗ್ ಹೊಸದಾಗಿ ಸೇವ್ ಆದಾಗ ಸ್ವಲ್ಪ ಸ್ವಲ್ಪ ಕಳ್ಕೋತಾ ಹೋಗಿ, ಕೊನೆಗೆ ಮದುವೆ ಫೋಟೋದಲ್ಲಿ ಮದುಮಗಳ ಮೂಗುತಿನೇ ಕರಗಿ ಹೋಗಿರುತ್ತೆ.

ಅಕ್ಷರದ ಸುತ್ತ ಕೊಳೆ

ನನ್ನ ಫ್ಲೆಕ್ಸ್ ಕಾಯಿಲೆ ಇದೇ, ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ. ಜೆಪೆಗ್ ಅನ್ನೋ ಹೆಸರನ್ನ ಬಿಡ್ಸಿ ಹೇಳಿದ್ರೆ ಜಾಯಿಂಟ್ ಫೋಟೋಗ್ರಾಫಿಕ್ ಎಕ್ಸ್‌ಪರ್ಟ್ಸ್ ಗ್ರೂಪ್, ಹೆಸರಲ್ಲೇ ಫೋಟೋ ಇದೆ. 1992ರಲ್ಲಿ ಸ್ಟ್ಯಾಂಡರ್ಡ್ ಆದ ಈ ಫಾರ್ಮ್ಯಾಟ್ ಮಾಡಿರೋದೇ ಫೋಟೋಗೆ, ಅಂದ್ರೆ ಬಣ್ಣ ಮೆಲ್ಲಗೆ ಒಂದರಿಂದ ಇನ್ನೊಂದಕ್ಕೆ ಹರಿಯೋ ಚಿತ್ರಕ್ಕೆ. ಇಡೀ ಚಿತ್ರನ 8 ಬೈ 8 ಪಿಕ್ಸೆಲ್ ಚೌಕ ಚೌಕ ಮಾಡಿ, ಒಂದೊಂದು ಚೌಕದಲ್ಲೂ ಕಣ್ಣಿಗೆ ಬೇಗ ಗೊತ್ತಾಗದ ನವಿರು ವಿವರ ಎಸೆದು ಸೈಜ್ ಇಳಿಸುತ್ತೆ. ಆಕಾಶ, ಮುಖ, ತೆಂಗಿನ ತೋಟ ಇದ್ರೆ ಎಸೆದಿದ್ದು ಗೊತ್ತೇ ಆಗಲ್ಲ. ಅಕ್ಷರದ ಅಂಚು ಹಂಗಲ್ಲ, ಈ ಕಡೆ ಕೆಂಪು ಆ ಕಡೆ ಹಳದಿ, ನಡುವೆ ಏನೂ ಇಲ್ಲ, ಆ ಚೌಕದಲ್ಲಿ ನವಿರು ವಿವರ ಎಸೆದ್ರೆ ಅಂಚಿನ ಸುತ್ತ ಚುಕ್ಕಿ ಚುಕ್ಕಿ ಏಳುತ್ತೆ, ಸೊಳ್ಳೆ ಮುತ್ತಿದಂಗೆ. ಇಂಗ್ಲಿಷ್‌ನಲ್ಲೂ ಇದಕ್ಕೆ ಮಸ್ಕಿಟೋ ನಾಯ್ಸ್ ಅಂತಾನೇ ಕರೀತಾರೆ. ನಮ್ಮ ಲಿಪಿಗಂತೂ ಇದು ಜಾಸ್ತಿ ತೊಂದ್ರೆ, ಇಂಗ್ಲಿಷ್ ಕ್ಯಾಪಿಟಲ್ ಅಕ್ಷರ ಎರಡು ಗೆರೆ ಇದ್ರೂ ಓದ್ಬಹುದು, ಕನ್ನಡದಲ್ಲಿ ಗುಂಡು ಗುಂಡು ಸುತ್ತು, ಅದರ ಕೆಳಗೆ ಸಣ್ಣ ಒತ್ತು, ಆ ಒತ್ತಿನ ಒಳಗಿನ ಜಾಗ ಮುಚ್ಚಿದ್ರೆ ಅದು ವನೋ ಮನೋ ಗೊತ್ತಾಗಲ್ಲ.

ಇಷ್ಟೇ ಆಗಿದ್ರೆ ಕ್ವಾಲಿಟಿ ಏರಿಸಿ ಸುಮ್ನಾಗ್ಬಹುದಿತ್ತು. ಇನ್ನೊಂದು ಕಳ್ಳ ಇದಾನೆ ಒಳಗೆ. ಜೆಪೆಗ್ ಬೆಳಕನ್ನ ಬೇರೆ, ಬಣ್ಣವನ್ನ ಬೇರೆ ಮಾಡಿ ಇಡುತ್ತೆ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸನ ಚೆನ್ನಾಗಿ ಹಿಡಿಯುತ್ತೆ, ಬಣ್ಣದ್ದು ಅಷ್ಟಾಗಿ ಇಲ್ಲ, ಅದಕ್ಕೇ ಬಣ್ಣದ ಪದರನ ಉದ್ದಕ್ಕೂ ಅಡ್ಡಕ್ಕೂ ಅರ್ಧಕ್ಕೆ ಇಳಿಸಿಬಿಡೋ ಪದ್ಧತಿ ಇದೆ, ಅಂದ್ರೆ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣ. ಇದರ ಹೆಸರು ಕ್ರೋಮಾ ಸಬ್‌ಸ್ಯಾಂಪ್ಲಿಂಗ್, ಸಾಫ್ಟ್‌ವೇರ್‌ಗಳಲ್ಲಿ 4:2:0 ಅಂತ ಬರ್ದಿರುತ್ತೆ. ಬಿಳಿ ಮೇಲೆ ಕಪ್ಪು ಅಕ್ಷರಕ್ಕೆ ಇದು ಏನೂ ಮಾಡಲ್ಲ, ಅಲ್ಲಿ ಬಣ್ಣವೇ ಇಲ್ವಲ್ಲ. ಹಳದಿ ಮೇಲೆ ಕೆಂಪಿಗೆ ಮಾತ್ರ ಅಂಚಿನ ಬಣ್ಣ ಆಚೀಚೆ ಸೋರಿ ಕಂದು ಬಣ್ಣ ಹುಟ್ಟುತ್ತೆ. ನಾಡಧ್ವಜದ ಬಣ್ಣಾನೇ ಜೆಪೆಗ್ಗಿಗೆ ಆಗ್ಬರಲ್ಲ ಅಂದ್ರೆ ತಪ್ಪಿಲ್ಲ.

ಫೋಟೋಶಾಪ್‌ನ ಮಾಮೂಲಿ ಸೇವ್ ಆ್ಯಸ್‌ನಲ್ಲಿ ಕ್ವಾಲಿಟಿ 0ರಿಂದ 6ರವರೆಗೆ ಇಟ್ರೆ ಈ ಬಣ್ಣ ಇಳಿಸೋ ಕೆಲ್ಸ ನಡೆಯುತ್ತೆ, 7 ಮತ್ತು ಮೇಲೆ ಇಟ್ರೆ ನಡೆಯಲ್ಲ, ಎಲ್ಲೂ ಇದನ್ನ ಕಣ್ಣಿಗೆ ಕಾಣೋ ಥರ ಬರ್ದಿಲ್ಲ. ನಾನಿಟ್ಟಿದ್ದು 5. ಆಮೇಲೆ ಕುತೂಹಲಕ್ಕೆ ಟೇಪ್ ಹಿಡ್ಕೊಂಡು ಆ ಫ್ಲೆಕ್ಸ್ ಅಳೆದೆ. 10 ಅಡಿ ಅಂದ್ರೆ 3048 ಮಿಲಿಮೀಟರ್, ಅದನ್ನ 2160 ಪಿಕ್ಸೆಲ್‌ಗೆ ಹಂಚಿದ್ರೆ ಒಂದು ಪಿಕ್ಸೆಲ್ 1.4 ಮಿ.ಮೀ. ಬಣ್ಣ ಅರ್ಧ ಆದಾಗ ಬಣ್ಣದ 8 ಬೈ 8 ಚೌಕ ಚಿತ್ರದ ಮೇಲೆ 16 ಬೈ 16 ಜಾಗ ಹಿಡಿಯುತ್ತೆ, ಅಂದ್ರೆ ಫ್ಲೆಕ್ಸ್ ಮೇಲೆ 22 ಮಿ.ಮೀ ಚಿಲ್ಲರೆ. ಕೊಳೆಯ ಪಟ್ಟಿ ಅಳೆದ್ರೆ ಸರಿಯಾಗಿ ಹೆಬ್ಬೆರಳಗಲ, ಎರಡು ಸೆಂಟಿಮೀಟರ್ ಮೇಲೆ ಸ್ವಲ್ಪ. ಲೆಕ್ಕ ಕೂಡಿದ್ ದಿನ ದುಡ್ಡು ಹೋದ ಬೇಜಾರು ಅರ್ಧ ಕಮ್ಮಿ ಆಯ್ತು.

ಇದಕ್ಕೆ ಮದ್ದು ಹಿಂಗೆ. ಸ್ಕ್ರೀನ್ ಮೇಲೆ ತೋರ್ಸೋ ಪೋಸ್ಟರ್ ಆದ್ರೆ, ಚಪ್ಪಟೆ ಬಣ್ಣ, ಅಕ್ಷರ, ಲೋಗೋ ಜಾಸ್ತಿ ಇದ್ರೆ ಪಿಎನ್‌ಜಿ. ಅದು ಒಂದು ಪಿಕ್ಸೆಲ್ಲೂ ಎಸೆಯಲ್ಲ. ಜೆಪೆಗ್ಗೇ ಬೇಕು ಅಂತ ಆ ಕಡೆಯೋರು ಹಠ ಹಿಡಿದ್ರೆ ಗಿಂಪ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಅಡ್ವಾನ್ಸ್ಡ್ ಆಪ್ಷನ್ಸ್ ತೆಗೆದು ಸಬ್‌ಸ್ಯಾಂಪ್ಲಿಂಗ್ 4:4:4 (ಅಂದ್ರೆ ಬಣ್ಣ ಇಳಿಸೋದೇ ಬೇಡ ಅಂತ) ಮಾಡಿ ಕ್ವಾಲಿಟಿ 90ರ ಮೇಲಿಡಿ, ಫೋಟೋಶಾಪ್ ಆದ್ರೆ 10ರಿಂದ 12. ವೆಬ್‌ಪಿ ಅನ್ನೋ ವೆಬ್‌ಸೈಟ್ ಫಾರ್ಮ್ಯಾಟ್ ಹೊಸದು, ಅದು ಚೆನ್ನಾಗಿರ್ಬಹುದು ಅಂತ ಅಂದ್ಕೊಂಡ್ರೆ ಇಲ್ಲಿ ಮೋಸ ಹೋಗ್ತೀರ, ಲಾಸಿ (ವಿವರ ಎಸೆಯೋ) ವೆಬ್‌ಪಿಯಲ್ಲಿ ಬಣ್ಣ ಯಾವಾಗಲೂ 4:2:0, ಬದಲಾಯಿಸೋಕೆ ದಾರೀನೇ ಇಲ್ಲ, ಅಕ್ಷರದ ಪೋಸ್ಟರ್‌ಗೆ ವೆಬ್‌ಪಿ ಬೇಕಾದ್ರೆ ಲಾಸ್‌ಲೆಸ್ (ಏನೂ ಎಸೆಯದ) ಅನ್ನೋ ಟಿಕ್ ಹಾಕ್ಬೇಕು.

ಫ್ಲೆಕ್ಸ್‌ಗೆ ಕೊಡೋದಾದ್ರೆ ಅಳತೆನೂ ಬೇಕು. 10 ಬೈ 8 ಅಡಿಗೆ ಇಂಚಿಗೆ 72 ಪಿಕ್ಸೆಲ್ ಇಟ್ರೆ 8640 ಬೈ 6912, ಸಿಎಂವೈಕೆ (ಪ್ರಿಂಟಿನ ನಾಲ್ಕು ಇಂಕ್ ಲೆಕ್ಕ) ಮೋಡ್‌ನಲ್ಲಿ ಫೋಟೋಶಾಪ್ ಕೆಳಗಡೆ ಸುಮಾರು 228 ಎಂಬಿ ತೋರಿಸುತ್ತೆ. ಹೆದರ್ಬೇಡಿ, ಎಲ್‌ಜೆಡ್‌ಡಬ್ಲ್ಯೂ ಕಂಪ್ರೆಷನ್ (ಏನೂ ಎಸೆಯದೆ ಸೈಜ್ ಇಳಿಸೋದು) ಹಾಕಿ ಲೇಯರ್ ಒಂದು ಮಾಡಿ ಟಿಫ್ ಅನ್ನೋ ಫಾರ್ಮ್ಯಾಟಲ್ಲಿ ಸೇವ್ ಮಾಡಿದ್ರೆ ಚಪ್ಪಟೆ ಹಳದಿ ಇರೋ ಡಿಸೈನ್ ಎಷ್ಟೋ ಪಾಲು ಇಳಿಯುತ್ತೆ. ಪೆನ್‌ಡ್ರೈವ್‌ನಲ್ಲಿ ತಗೊಂಡು ಹೋಗಿ ಕೊಡಿ, ಟೀ ಕುಡ್ದಂಗೂ ಆಗುತ್ತೆ.

ಫೈಲ್ ಓಪನ್ನೇ ಆಗಲ್ಲ, ಅಥವಾ ಫಾರ್ಮ್ ತಗೊಳ್ಳಲ್ಲ

ಇದು ವಾರಕ್ಕೆರಡು ಸಲ ಬರೋ ಕೇಸು. "ಜೆಪಿಜಿನೇ ಇದೆ ಸಾರ್, ಆದ್ರೂ ಅಪ್ಲಿಕೇಶನ್‌ನಲ್ಲಿ ಇನ್‌ವ್ಯಾಲಿಡ್ ಅಂತಿದೆ." ಹೋಗಿ ನೋಡಿದ್ರೆ ಬ್ರೌಸರ್‌ನಿಂದ ಇಳಿಸ್ಕೊಂಡ ವೆಬ್‌ಪಿ ಫೈಲು, ಹೆಸರಿನ ಕೊನೇಲಿ ವೆಬ್‌ಪಿ ಅಳಿಸಿ ಜೆಪಿಜಿ ಅಂತ ಟೈಪ್ ಮಾಡಿರ್ತಾರೆ. ಅಂಗಡಿ ಬೋರ್ಡ್ ಬದಲಾಯಿಸಿದ್ರೆ ಒಳಗಿನ ಸಾಮಾನು ಬದಲಾಗುತ್ತಾ? ಹಿಂಗೆ ಹೆಸರು ತಿದ್ದಿರೋ ಫೈಲನ್ನ ಫೋಟೋಶಾಪ್‌ಗೆ ಹಾಕಿದ್ರೆ ಜೆಪೆಗ್ ಮಾರ್ಕರ್ ಸರಿ ಇಲ್ಲ ಅಂತ ಎರರ್ ಕೊಡುತ್ತೆ, ಜನ ಫೈಲ್ ಕರಪ್ಟ್ ಆಗಿದೆ ಅಂತ ಗಾಬರಿ ಆಗ್ತಾರೆ, ಕರಪ್ಟ್ ಏನೂ ಆಗಿರಲ್ಲ.

ಒಳಗೆ ನಿಜವಾಗ್ಲೂ ಏನಿದೆ ಅಂತ ನೋಡೋಕೆ ನಾನು ನೋಟ್‌ಪ್ಯಾಡ್ ಬಳಸ್ತೀನಿ. ಫೈಲನ್ನ ನೋಟ್‌ಪ್ಯಾಡ್ ಒಳಗೆ ಎಳೆದು ಬಿಡಿ, ಕಸದ ರಾಶಿ ಥರ ಅಕ್ಷರ ಬರುತ್ತೆ, ಮೊದಲನೇ ಸಾಲಿನ ಶುರು ಮಾತ್ರ ನೋಡಿ. ಇಂಗ್ಲಿಷ್‌ನಲ್ಲಿ ಪಿ, ಎನ್, ಜಿ ಅಂತ ಮೂರು ಅಕ್ಷರ ಕಂಡ್ರೆ ಅದು ಪಿಎನ್‌ಜಿ, ಹೊರಗಡೆ ಹೆಸರು ಏನಾದ್ರೂ ಇರ್ಲಿ. ಆರ್, ಐ, ಎಫ್, ಎಫ್ ಅಂತ ಇದ್ದು ಸ್ವಲ್ಪ ಬಲಕ್ಕೆ ವೆಬ್‌ಪಿ ಅಂತ ಇದ್ರೆ ವೆಬ್‌ಪಿ. ಜೆಎಫ್‌ಐಎಫ್ ಅಥವಾ ಎಕ್ಸಿಫ್ ಅಂತ ಇದ್ರೆ ಜೆಪೆಗ್. ಎಫ್‌ಟಿವೈಪಿ ಆದ್ಮೇಲೆ ಹೆಚ್‌ಇಐಸಿ ಅಂತ ಇದ್ರೆ ಅದು ಐಫೋನ್ ಫೋಟೋ. ನೋಡಿ ಮುಚ್ಚಿಬಿಡಿ, ಸೇವ್ ಒತ್ತಿದ್ರೆ ಫೈಲ್ ನಿಜವಾಗ್ಲೂ ಹಾಳಾಗುತ್ತೆ, ಆಮೇಲೆ ನನ್ನ ಬೈಬೇಡಿ.

ಗೊತ್ತಾದ್ಮೇಲೆ ಕೆಲ್ಸ ಸಣ್ಣದು: ಪೇಂಟ್‌ನಲ್ಲೋ ಗಿಂಪ್‌ನಲ್ಲೋ ಓಪನ್ ಮಾಡಿ ಜೆಪೆಗ್ ಅಂತ ಸೇವ್ ಆ್ಯಸ್ ಮಾಡೋದು. ಹೆಸರು ತಿದ್ದಿದ್ರೆ ಸಾಕಾಗೋ ಕೇಸ್ ಒಂದಿದೆ, ವಿಂಡೋಸ್‌ನಲ್ಲಿ ಕೆಲವು ಸಲ ಡೌನ್‌ಲೋಡ್ ಆದ ಫೋಟೋ ಕೊನೇಲಿ ಜೆಎಫ್‌ಐಎಫ್ ಅಂತ ಬರುತ್ತಲ್ಲ, ಅದು ಒಳಗೆ ಜೆಪೆಗ್ಗೇ, ಅದನ್ನ ಮಾತ್ರ ಜೆಪಿಜಿ ಅಂತ ಧೈರ್ಯವಾಗಿ ರಿನೇಮ್ ಮಾಡಿ.

ಐಫೋನ್‌ನಲ್ಲಿ 2017ರ ಐಒಎಸ್ 11ರಿಂದ ಕ್ಯಾಮೆರಾ ಹೆಚ್‌ಇಐಸಿಯಲ್ಲಿ ಉಳ್ಸುತ್ತೆ, ಅರ್ಧ ಜಾಗ ಉಳಿಯುತ್ತೆ ನಿಜ, ಆದ್ರೆ ಫಾರ್ಮ್ ತುಂಬೋ ಎಷ್ಟೋ ವೆಬ್‌ಸೈಟ್‌ಗಳು ಅದನ್ನ ಹತ್ರಕ್ಕೂ ಸೇರ್ಸಲ್ಲ. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಫಾರ್ಮ್ಯಾಟ್ಸ್, ಮೋಸ್ಟ್ ಕಂಪ್ಯಾಟಿಬಲ್ ಮಾಡಿದ್ರೆ ಮುಂದೆ ತೆಗೆಯೋದೆಲ್ಲ ಜೆಪೆಗ್. ಹಳೇದು ಹಂಗೇ ಇರುತ್ತೆ, ಅವನ್ನ ಬೇರೆಯಾಗಿ ಕನ್ವರ್ಟ್ ಮಾಡ್ಬೇಕು.

ಫಾರ್ಮ್ ಕೇಸಿನಲ್ಲೇ ಇನ್ನೊಂದು, 50 ಕೆಬಿ ಒಳಗಿರ್ಬೇಕು ಅನ್ನೋ ಷರತ್ತು. ಪರೀಕ್ಷೆಗೆ ಕಟ್ಟೋ ಹುಡುಗರು 12 ಮೆಗಾಪಿಕ್ಸೆಲ್ ಫೋಟೋನ ಹಂಗೇ ಇಟ್ಕೊಂಡು ಕ್ವಾಲಿಟಿನ 60, 30, 10 ಅಂತ ಇಳಿಸ್ತಾ ಹೋಗ್ತಾರೆ, ಕೊನೆಗೆ ಮುಖ ಲೂಡೋ ಬೋರ್ಡ್ ಥರ ಚೌಕ ಚೌಕ. ಕ್ವಾಲಿಟಿ ಮುಟ್ಬೇಡಿ, ಅಳತೆ ಇಳಿಸಿ. ಪಾಸ್‌ಪೋರ್ಟ್ ಸೈಜ್ 3.5 ಬೈ 4.5 ಸೆಂಟಿಮೀಟರ್, ಇಂಚಿಗೆ 300ರ ಲೆಕ್ಕದಲ್ಲಿ 413 ಬೈ 531 ಪಿಕ್ಸೆಲ್ ಸಾಕು, ಅಷ್ಟಕ್ಕೆ ಕ್ರಾಪ್ ಮಾಡಿ ಕ್ವಾಲಿಟಿ 80ರ ಹತ್ರ ಇಟ್ರೆ ಸಾಮಾನ್ಯವಾಗಿ 50 ಕೆಬಿ ಒಳಗೇ ಕೂರುತ್ತೆ. ಹಿಂದಿನ ಗೋಡೆ ಚಪ್ಪಟೆ ಬಿಳಿ ಇದ್ರೆ ಇನ್ನೂ ಕಮ್ಮಿ. ಇಲ್ಲಿ ಪಿಎನ್‌ಜಿ ಸಹವಾಸ ಬೇಡ, ಫೋಟೋಗೆ ಪಿಎನ್‌ಜಿ ಹಾಕಿದ್ರೆ ಚರ್ಮದ ನವಿರು, ಕ್ಯಾಮೆರಾದ ಸಣ್ಣ ನಾಯ್ಸ್ ಎಲ್ಲಾನೂ ಒಂದೂ ಬಿಡದೆ ಕಾಪಾಡೋಕೆ ಹೋಗಿ ಫೈಲ್ ಊದಿಕೊಳ್ಳುತ್ತೆ. ಇಮೇಜ್ ಜಾಸ್ತಿ ಸೈಜ್ ಆಯ್ತು ಅಂತ ಬರೋ ದೂರಿಗೆಲ್ಲ ಮೊದ್ಲು ಕೇಳೋ ಪ್ರಶ್ನೆ ಇದೇ, ಫೋಟೋನ ಪಿಎನ್‌ಜಿ ಮಾಡಿದ್ರಾ ಅಂತ.

ಲೋಗೋ ಹಿಂದೆ ಬಿಳಿ ಡಬ್ಬ

ಜೆಪೆಗ್‌ನಲ್ಲಿ ಟ್ರಾನ್ಸ್‌ಪರೆನ್ಸಿ ಅನ್ನೋದೇ ಇಲ್ಲ, ಖಾಲಿ ಜಾಗಕ್ಕೆ ಬಿಳಿನೋ ಕಪ್ಪೋ ತುಂಬುತ್ತೆ. ಪಿಎನ್‌ಜಿ ಮಾಡಿ. ಅಷ್ಟೇ ಉತ್ತರ. ಪಿಎನ್‌ಜಿ ಮಾಡಿದ್ರೂ ಡಬ್ಬ ಬಂದ್ರೆ ಮೂಲ ಫೈಲಲ್ಲೇ ಕೆಳಗೆ ಬಿಳಿ ಲೇಯರ್ ಕೂತಿದೆ, ಲೇಯರ್ ಪಕ್ಕದ ಕಣ್ಣಿನ ಗುರುತು ಒತ್ತಿ ಅದನ್ನ ಮರೆ ಮಾಡಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಕ್ಯಾನ್ವಾದಲ್ಲಿ ಟ್ರಾನ್ಸ್‌ಪರೆಂಟ್ ಬ್ಯಾಕ್‌ಗ್ರೌಂಡ್ ಟಿಕ್ ದುಡ್ಡು ಕಟ್ಟಿದೋರಿಗೆ ಮಾತ್ರ. ಗೂಗಲ್‌ನಲ್ಲಿ ಸಿಗೋ ಬೂದು-ಬಿಳಿ ಚೌಕಳಿ ಇರೋ "ಪಿಎನ್‌ಜಿ"ಗಳಲ್ಲಿ ಎಷ್ಟೋ ಸಲ ಆ ಚೌಕಳಿನೂ ಚಿತ್ರದ ಭಾಗವೇ ಆಗಿರುತ್ತೆ, ಗಣಪತಿ ಹಿಂದೆ ಚೆಸ್ ಬೋರ್ಡ್ ಬಂದಿರೋ ಬ್ಯಾನರ್ ನಮ್ಮೂರಲ್ಲೇ ನೋಡಿದೀನಿ.

ಲೋಗೋ ಅಂಚು ಗರಗಸ ಥರ ಇದ್ರೆ, ಅಥವಾ ಗ್ರೇಡಿಯೆಂಟ್ ಪಟ್ಟೆ ಪಟ್ಟೆ ಆಗಿದ್ರೆ ಅದು ಪಿಎನ್‌ಜಿ-8 ಇಲ್ಲಾ ಜಿಫ್ ಆಗಿ ಸೇವ್ ಆಗಿದೆ, ಎರಡರಲ್ಲೂ 256 ಬಣ್ಣಕ್ಕೆ ಮುಗೀತು. ಪಿಎನ್‌ಜಿ-24 ಆರಿಸಿ. ಜಿಫ್ 1987ರ ಮುದುಕ, ಅದರ ಒಳಗಿನ ಕಂಪ್ರೆಷನ್ ಮೇಲೆ ಪೇಟೆಂಟ್ ಗಲಾಟೆ ಎದ್ದಿದ್ದಕ್ಕೇ 1996ರಲ್ಲಿ ಪಿಎನ್‌ಜಿ ಹುಟ್ಟಿದ್ದು, ಈಗ ಜಿಫ್ ಕುಣಿಯೋ ಚಿತ್ರಕ್ಕೆ ಬಿಟ್ರೆ ಬೇಡ.

ಬಣ್ಣ ಬೇರೆ ಥರ ಬಂತು

ಫೋನ್‌ನಲ್ಲಿ ಬಣ್ಣ ಸತ್ತಂಗೆ ಕಾಣ್ತಿದ್ರೆ ಫೈಲ್ ಅಡೋಬಿ ಆರ್‌ಜಿಬಿ ಅನ್ನೋ ಬಣ್ಣದ ಪ್ರೊಫೈಲ್‌ನಲ್ಲಿರ್ಬಹುದು (ಆರ್‌ಜಿಬಿ ಅಂದ್ರೆ ಸ್ಕ್ರೀನಿನ ಕೆಂಪು-ಹಸಿರು-ನೀಲಿ ಲೆಕ್ಕ), ಎಕ್ಸ್‌ಪೋರ್ಟ್ ಮಾಡುವಾಗ ಮಾಮೂಲಿ ಸ್ಕ್ರೀನಿಗೆ ಹೊಂದೋ ಎಸ್‌ಆರ್‌ಜಿಬಿಗೆ ಕನ್ವರ್ಟ್ ಅನ್ನೋ ಟಿಕ್ ಹಾಕಿ. ಬಣ್ಣ ನೆಗೆಟಿವ್ ಥರ ಉಲ್ಟಾ ಅಥವಾ ಕಣ್ಣು ಕುಕ್ಕೋ ಥರ ಬಂದ್ರೆ ಅದು ಸಿಎಂವೈಕೆ ಜೆಪೆಗ್, ಪ್ರಿಂಟಿಗೆ ಮಾಡಿದ ಫೈಲನ್ನೇ ಸ್ಟೇಟಸ್‌ಗೂ ಹಾಕೋಕೆ ಹೋಗಿರ್ತೀರ. ಒಂದು ಡಿಸೈನಿಗೆ ಎರಡು ಎಕ್ಸ್‌ಪೋರ್ಟ್ ಇಟ್ಕೊಳ್ಳಿ, ಪ್ರಿಂಟಿಗೆ ಒಂದು, ಫೋನಿಗೊಂದು. ಪಿಎನ್‌ಜಿಯಲ್ಲಿ ಸಿಎಂವೈಕೆ ಇಲ್ಲವೇ ಇಲ್ಲ, ಅದಕ್ಕೇ ಆಫ್‌ಸೆಟ್ ಪ್ರೆಸ್‌ನೋರು ಪಿಎನ್‌ಜಿ ಕೊಟ್ರೆ ಮುಖ ಸಿಂಡರಿಸೋದು.

ಮದುವೆ ಲಗ್ನಪತ್ರಿಕೆ ಅಂತೂ ಇಮೇಜ್ ಆಗಿ ಕೊಡ್ಲೇಬೇಡಿ. ಆರ್‌ಜಿಬಿ ಕಪ್ಪು ಸಿಎಂವೈಕೆಗೆ ತಿರುಗಿದಾಗ ನಾಲ್ಕೂ ಇಂಕ್ ಸೇರಿ ಕಪ್ಪಾಗುತ್ತೆ, ಪ್ಲೇಟ್ ಕೂದಲೆಳೆ ಜರುಗಿದ್ರೂ ಸಣ್ಣ ಅಕ್ಷರದ ಪಕ್ಕ ಗುಲಾಬಿ-ನೀಲಿ ನೆರಳು ಬೀಳುತ್ತೆ, "ತಮ್ಮ ಆಗಮನಾಭಿಲಾಷಿಗಳು" ಅನ್ನೋ ಸಾಲು ಎರಡೆರಡು ಕಾಣುತ್ತೆ. ಅಕ್ಷರನ ಬರೀ ಕೆ 100 (ಕಪ್ಪು ಇಂಕ್ ಒಂದೇ) ಮಾಡಿ, ಕರ್ವ್ಸ್‌ಗೆ (ಫಾಂಟ್ ಬೇಡದ ಗೆರೆ ಆಕಾರಕ್ಕೆ) ಕನ್ವರ್ಟ್ ಮಾಡಿ, ಪಿಡಿಎಫ್ ಕೊಡಿ. ಕರ್ವ್ಸ್ ಮಾಡದೆ ಕೋರಲ್ ಫೈಲೇ ಕೊಟ್ಟು ಅವರ ಸಿಸ್ಟಮ್‌ನಲ್ಲಿ ಆ ನುಡಿ ಫಾಂಟ್ ಇಲ್ದಿದ್ರೆ ಇಡೀ ಪತ್ರಿಕೆ ಕೊಂಬು ಬಂದಿರೋ ಇಂಗ್ಲಿಷ್ ಅಕ್ಷರ ಆಗುತ್ತೆ, ಆ ಭಾಷೆ ಡಿಟಿಪಿ ಮಾಡೋರಿಗೆಲ್ಲ ಪರಿಚಯ ಇರೋದೇ.

ಉಳಿದ ಚಿಲ್ಲರೆ

ಫೋಟೋ ಅಡ್ಡ ಮಲಗಿ ಅಪ್‌ಲೋಡ್ ಆಗ್ತಿದ್ರೆ ಫಾರ್ಮ್ಯಾಟ್ ತಪ್ಪಲ್ಲ. ಫೋನ್ ಚಿತ್ರನ ತಿರುಗ್ಸಿರಲ್ಲ, ತಿರುಗ್ಸಿ ನೋಡಿ ಅಂತ ಒಳಗೆ ಒಂದು ಚೀಟಿ ಮಾತ್ರ ಇಟ್ಟಿರುತ್ತೆ, ಆ ವೆಬ್‌ಸೈಟ್ ಚೀಟಿ ಓದಿಲ್ಲ. ಎಡಿಟರ್‌ನಲ್ಲಿ ಓಪನ್ ಮಾಡಿ ಒಂಚೂರು ಕ್ರಾಪ್ ಮಾಡಿ ಹೊಸದಾಗಿ ಸೇವ್ ಮಾಡಿದ್ರೆ ಸಾಮಾನ್ಯವಾಗಿ ನೆಟ್ಟಗಾಗುತ್ತೆ.

ಕಂಪ್ಯೂಟರ್‌ನಲ್ಲಿ ಓಪನ್ ಆಗೋ ಜೆಪೆಗ್ ಹಳೇ ಟಿವಿಯಲ್ಲೋ ಡಿಜಿಟಲ್ ಫೋಟೋ ಫ್ರೇಮ್‌ನಲ್ಲೋ ಖಾಲಿ ಕಂಡ್ರೆ ಅದು ಪ್ರೊಗ್ರೆಸಿವ್ ಜೆಪೆಗ್ (ಮಸುಕಿಂದ ಹಂತ ಹಂತವಾಗಿ ತಿಳಿಯಾಗೋ ಬಗೆ) ಆಗಿರೋ ಚಾನ್ಸ್ ಜಾಸ್ತಿ. ಎಕ್ಸ್‌ಪೋರ್ಟ್ ಡಬ್ಬೀಲಿ ಪ್ರೊಗ್ರೆಸಿವ್ ಟಿಕ್ ತೆಗೆದು, ಫೋಟೋಶಾಪ್ ಆದ್ರೆ ಬೇಸ್‌ಲೈನ್ ಸ್ಟ್ಯಾಂಡರ್ಡ್ ಆರಿಸಿ, ಆರ್‌ಜಿಬಿ ಇದೆಯಾ ಅಂತ ಇನ್ನೊಂದು ಸಲ ನೋಡಿ ಪೆನ್‌ಡ್ರೈವ್‌ಗೆ ಹಾಕಿ. ಗೃಹಪ್ರವೇಶದ ಸ್ಲೈಡ್‌ಶೋ ಹಾಕೋದಿದ್ರೆ ಹಿಂದಿನ ರಾತ್ರೀನೇ ಅದೇ ಟಿವಿಗೆ ಚುಚ್ಚಿ ಒಂದು ಸಲ ಓಡ್ಸಿ, ಪುರೋಹಿತರು ಬಂದ್ಮೇಲೆ ಬೇಡ.